ಬಚ್ಚಲಿನ ಕೆಂಪು, ಆಕಾಶದ ಕೆಂಪು

ನನ್ನ ಗಂಡನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊಳಾಯಿ ಕೆಲಸದಲ್ಲಿ ಇವರನ್ನು ಮೀರಿಸಿದವರಿಲ್ಲ ಎಂದು ಬೀದಿಯವರು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು. ನಮ್ಮ ಅಡುಗೆಮನೆಯ ನಲ್ಲಿ ಮಾತ್ರ ಮದುವೆಯಾದಂದಿನಿಂದ ತೊಟ್ಟಿಕ್ಕುತ್ತಲೇ ಇದೆ. ಅದರ ಮಾತೆತ್ತಿದರೆ ಇವರಿಗೆ ಕಿವಿಯೇ ಕೇಳಿಸುವುದಿಲ್ಲ.

ನಾದಿನಿ ತೀರಿಕೊಂಡ ಮೇಲೆ ಅವಳ ಮಗಳನ್ನು ನಾವೇ ಬೆಳೆಸಿದೆವು. ಹುಟ್ಟಿನಿಂದಲೇ ಹುಡುಗಿಗೆ ಕಣ್ಣು ಕಾಣದು. ಚಿಕ್ಕವಳಿದ್ದಾಗ ಒಮ್ಮೆ, "ಮಾಮ, ಕೆಂಪು ಅಂದ್ರೆ ಹೇಗಿರುತ್ತೆ?" ಎಂದು ಕೇಳಿದಳು. ಇವರು ಅವಳನ್ನು ಬಚ್ಚಲಿಗೆ ಕರೆದೊಯ್ದು, ಕೆಂಪು ಚುಕ್ಕೆಯ ನಲ್ಲಿ ತಿರುಗಿಸಿ, ಅವಳ ಬೆರಳನ್ನು ಬಿಸಿನೀರಿಗೆ ಹಿಡಿದರು. "ಇದು ಕೆಂಪು." ಆಮೇಲೆ ಪಕ್ಕದ ತಣ್ಣೀರು. "ಇದು ನೀಲಿ." ಎರಡನ್ನೂ ಬೆರೆಸಿ, "ಇದು ಹಳದಿ ಅಂತಿಟ್ಕೋ" ಎಂದರು. ಮಗು ಕುಣಿದಾಡಿತು. ಬಾಗಿಲಲ್ಲಿ ನಿಂತಿದ್ದ ನನಗೆ ಈ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಹುಡುಗಿ ಬೆರಳಲ್ಲೇ ಓದಿ ದೊಡ್ಡವಳಾದಳು. ವಿಜ್ಞಾನ ಭವನದವರು ಒಂದು ಕೋಣೆಯಲ್ಲಿ ಮುಟ್ಟಿ ತಿಳಿಯುವ ನಕ್ಷತ್ರಗಳನ್ನು ಮಾಡಿಸಿದರು. ಕೆಂಪು, ಹಳದಿ, ನೀಲಿ ಬಣ್ಣದ ಮೂರು ಹಿತ್ತಾಳೆ ಗುಂಡುಗಳು. ಒಳಗೆ ನೀರು ಹರಿದು, ಯಾವ ನಕ್ಷತ್ರ ಎಷ್ಟು ಬಿಸಿ ಎಂಬುದು ಅಂಗೈಗೆ ತಿಳಿಯಬೇಕು. ಬಂದವರಿಗೆ ವಿವರಿಸುವ ಕೆಲಸ ನಮ್ಮ ಹುಡುಗಿಗೆ ಸಿಕ್ಕಿತು. ಉದ್ಘಾಟನೆ ಸುಸೂತ್ರವಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಯಲ್ಲಿ ಕುರ್ಚಿ ಹೆಣೆಯುವುದೇ ಗತಿ. ಕೊಳವೆ ಜೋಡಿಸುವ ಕೆಲಸ ಇವರದು. ಭವನದ ನಿರ್ದೇಶಕಿ ನಕ್ಷೆ ಚಾಚಿದರೆ ಇವರು, "ಬಿಸಿ ಯಾವುದು, ತಣ್ಣಗೆ ಯಾವುದು ಅಂತ ನನಗೆ ಚಿತ್ರ ಬೇಕಾ ಮೇಡಂ?" ಎಂದು ನಕ್ಕರಂತೆ.

ಉದ್ಘಾಟನೆಯ ಬೆಳಿಗ್ಗೆ ನಾವು ಮೂವರೇ ಆ ಕೋಣೆಯಲ್ಲಿದ್ದೆವು. ಹುಡುಗಿ ಎಡಗಡೆಯ ಕೆಂಪು ಗುಂಡಿನ ಮೇಲೆ ಕೈಯಿಟ್ಟವಳೇ "ಹಾ!" ಎಂದು ಕಿತ್ತುಕೊಂಡಳು. ತಡವರಿಸುತ್ತ ಬಲಗಡೆಯ ನೀಲಿಯನ್ನು ಮುಟ್ಟಿದಳು.

"ಮಾಮ, ಎಲ್ಲಾ ಉಲ್ಟಾ ಆಗಿದೆ."

"ಏನು ಉಲ್ಟಾ? ಕೆಂಪು ಬಿಸಿ, ನೀಲಿ ತಣ್ಣಗೆ. ಯಾರ ಮನೆ ಬಚ್ಚಲಿಗೆ ಬೇಕಾದ್ರೂ ಹೋಗಿ ಕೇಳು."

"ನಕ್ಷತ್ರದಲ್ಲಿ ನೀಲಿನೇ ಎಲ್ಲಕ್ಕಿಂತ ಬಿಸಿ. ಕೆಂಪು ಕಡಿಮೆ. ಕಬ್ಬಿಣ ಕಾಯ್ಸಿದ್ರೆ ಮೊದ್ಲು ಕೆಂಪಾಗುತ್ತೆ, ಇನ್ನೂ ಕಾಯ್ಸಿದ್ರೆ ಬೆಳ್ಳಗಾಗುತ್ತೆ ಅಂತ ನೀನೇ ಹೇಳಿದ್ದೆ. ಅದನ್ನೂ ಮೀರಿದ್ರೆ ನೀಲಿ. ತಣ್ಣಗಿರೋ ನಕ್ಷತ್ರ ಇಲ್ವೇ ಇಲ್ಲ ಮಾಮ."

ಇವರು ಗರ ಬಡಿದವರಂತೆ ನಿಂತರು. ಹೊರಗೆ ಅತಿಥಿಗಳ ಚಪ್ಪಲಿ ಸದ್ದು ಕೇಳಿಸಿತು. "ನಿಂತ್ಕೊಂಡು ಏನ್ ನೋಡ್ತೀರಿ, ಬದಲಾಯಿಸಿ!" ಎಂದು ಕಿರುಚಿದೆ. ಇವರು ಗೋಡೆಯ ಹಿಂದಕ್ಕೆ ನುಗ್ಗಿದರು. ಎರಡು ಕೊಳವೆ ಬಿಚ್ಚಿ ಅದಲುಬದಲು ಮಾಡಿ, ಕೆಂಪಿಗೆ ಉಗುರುಬೆಚ್ಚಗಾಗುವಷ್ಟು ಬಿಸಿ ಬೆರೆಸುವ ಹೊತ್ತಿಗೆ ಜನ ಒಳಗೇ ಬಂದುಬಿಟ್ಟರು. ನೀಲಿ ಗುಂಡು ಇನ್ನೂ ಮಂಜಿನಂತೆ ತಣ್ಣಗಿತ್ತು.

ಹುಡುಗಿ ಅದನ್ನು ಮುಟ್ಟಿ ನೋಡಿದಳು. ಆಮೇಲೆ ನಿರ್ದೇಶಕಿಯ ಕೈಯನ್ನು ಅದರ ಮೇಲೇ ಇಡಿಸಿದಳು.

"ಕೈ ತೆಗೀಬೇಡಿ. ಇದಿನ್ನೂ ನಕ್ಷತ್ರ ಅಲ್ಲ. ಅನಿಲ, ಧೂಳು ತುಂಬಿದ ತಣ್ಣನೆ ಮೋಡ. ತನ್ನ ಭಾರಕ್ಕೆ ತಾನೇ ಒಳಕ್ಕೆ ಕುಸೀತಾ ಇದೆ. ಕುಸಿದಷ್ಟೂ ಬಿಗಿ, ಬಿಗಿಯಾದಷ್ಟೂ ಬಿಸಿ..."

ಬಿಸಿನೀರು ಆಗ ತಲುಪತೊಡಗಿತ್ತು. ನಿರ್ದೇಶಕಿಯ ಕಣ್ಣು ಅಗಲವಾಯಿತು. "ಅಯ್ಯಯ್ಯೋ, ಹುಟ್ತಾ ಇದೆ!" ಎಂದು ಚೀರಿ ಕೈ ಕಿತ್ತುಕೊಂಡರು. ಎಲ್ಲರೂ ಮುಗಿಬಿದ್ದರು. ಹುಡುಗಿಗೆ ಧೈರ್ಯ ಬಂತು. ನೀಲಿ ನಕ್ಷತ್ರ ದುಂದುಗಾರ, ಇದ್ದುದನ್ನೆಲ್ಲ ಬೇಗ ಸುಟ್ಟುಕೊಂಡು ಹೋಗುತ್ತದೆ ಎಂದಳು. ಪುಟ್ಟ ಕೆಂಪು ನಕ್ಷತ್ರ ಮೆಲ್ಲಗೆ ಉರಿದು ಎಲ್ಲರಿಗಿಂತ ಹೆಚ್ಚು ಬಾಳುತ್ತದೆ ಎಂದಳು. "ನಡುವೆ ಇರೋದು ನಮ್ಮ ಸೂರ್ಯ. ವಯಸ್ಸಾದ್ಮೇಲೆ ಊದ್ಕೊಂಡು ಇವನೂ ಕೆಂಪಾಗ್ತಾನೆ" ಎಂದಳು. ದಿನಾ ಬಟ್ಟೆ ಒಣಗಿಸಿಕೊಡುವ ಸೂರ್ಯನಿಗೂ ಮುಪ್ಪೆ?

"ನಾಳೆಯಿಂದ ದಿನಾ ಹೀಗೇ ತಣ್ಣಗಿಂದ ಶುರು ಮಾಡಿ" ಎಂದು ನಿರ್ದೇಶಕಿ ಹೇಳಿದರು. ಕೆಲಸ ಖಾಯಂ ಆಯಿತು.

ಮನೆಗೆ ಬಂದ ಮೇಲೆ ಇವರು ಹುಡುಗಿಯ ಪಕ್ಕ ಕುಳಿತರು. "ಇಷ್ಟು ವರ್ಷ ನಿನ್ನ ಕೈಗೆ ಸುಳ್ಳು ಬಣ್ಣ ಕೊಟ್ಬಿಟ್ನಲ್ಲೇ" ಎಂದರು.

"ನೀಲಿನೇ ಬಿಸಿ ಅಂತ ಓದಿದ ದಿನ ನಂಗೂ ತಲೆ ಕೆಟ್ಟುಹೋಗಿತ್ತು ಮಾಮ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನನ್ನ ಹತ್ರ ಇದ್ದಿದ್ದು ಅದೊಂದೇ ಕೆಂಪು. ಅದನ್ನೂ ಬಿಟ್ಕೊಡೋಕೆ ಮನಸ್ಸು ಬರ್ಲಿಲ್ಲ."

ಇವರು ಎದ್ದು ಬಚ್ಚಲಿಗೆ ಹೋದರು. ಏನೋ ಕೆರೆಯುವ ಸದ್ದು ಕೇಳಿಸಿತು. ಮರುದಿನ ಬೆಳಿಗ್ಗೆ ನಾನು ನೀಲಿ ಚುಕ್ಕೆಯ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ಚುಕ್ಕೆಗಳ ಬಣ್ಣ ಅದಲುಬದಲಾಗಿತ್ತು. ಬೈಯಲು ಬಾಯಿ ತೆರೆದವಳಿಗೆ ಬೈಯಲಾಗಲಿಲ್ಲ.