ಕಾರಣ ಕೇಳಿದ ಕೋಣೆ

"ಸರ್ಕಾರವನ್ನು ಕೋರ್ಟು ಯಾಕೆ ಅಂತ ಕೇಳುವುದೇ? ಎಂದೂ ಆಗುವ ಮಾತಲ್ಲ!" ಹೀಗೆ ಹೇಳಿ ನಕ್ಕವರು ಲಾರೆನ್ಸ್ ಬಾಪ್ಪು, ನನ್ನ ಅಪ್ಪನ ತಮ್ಮ. ಇವತ್ತು ಬೆಳಿಗ್ಗೆ ಕಿಲಿಮಾನಿಯ ನಮ್ಮ ಮನೆಯ ಮರದ ನೆಲಕ್ಕೆ ಮೇಣ ತಿಕ್ಕುತ್ತಿದ್ದೆ, ಅವರ ಆ ನಗು ನೆನಪಾಯಿತು. ನೈರೋಬಿಯ ಹಳೆ ಮನೆಗಳಲ್ಲಿ ಬದುಕಿದವರಿಗೆ ಈ ಮೇಣದ ವಾಸನೆ ಗೊತ್ತು. ಬೇರೆಯವರಿಗೆ ಅದು ಕ್ರಿಸ್ಮಸ್ಸಿನ ವಾಸನೆ. ನನಗೆ ಮಾತ್ರ ಕೋರ್ಟಿನದು.

ನಾವು ಈ ಊರಿಗೆ ಓಡಿ ಬಂದವರು. ಗಡಿಯಾಚೆಯ ದೇಶದಲ್ಲಿ ಅಪ್ಪ ಒಂದು ಕ್ಲಬ್ಬಿನ ಅಡುಗೆಯವರಾಗಿದ್ದರು. ಅವರು ತೀರಿಕೊಂಡ ಮೇಲೆ ಅಲ್ಲಿ ಗುಂಡಿನ ಸದ್ದು ಶುರುವಾಯಿತು. ಅಮ್ಮ ನನ್ನನ್ನು ಕಟ್ಟಿಕೊಂಡು, ಬಾಪ್ಪುವಿನ ಜೊತೆ ಬಸ್ಸು ಹತ್ತಿದಳು. ನಮ್ಮ ಹಿರಿಯರ ಊರಾದ ಮಂಗಳೂರಿಗೆ ಯಾಕೆ ಹೋಗಲಿಲ್ಲ ಅಂತ ನೀವು ಕೇಳಬಹುದು. ಅಲ್ಲಿ ನಮ್ಮವು ಅಂತ ಉಳಿದದ್ದು ಇಗರ್ಜಿ ಹಿಂದಿನ ಸಮಾಧಿಗಳು ಮಾತ್ರ. ಇಲ್ಲಿ, ಆ ಕಡೆ ಶಾಂತಿಯಾಗುವ ತನಕ ಇರಿ ಎಂದು ತಾತ್ಕಾಲಿಕ ಪರವಾನಗಿ ಕೊಟ್ಟರು. ಅಮ್ಮ ಸ್ಪ್ರಿಂಗ್ ವ್ಯಾಲಿಯ ಸಿರಿವಂತರ ಮನೆಗಳಿಗೆ ಬಟ್ಟೆ ಹೊಲಿದಳು, ನಾನು ಓದಿದೆ. ನಮ್ಮ ವಂಶದಲ್ಲಿ ವಿಶ್ವವಿದ್ಯಾಲಯದ ಬಾಗಿಲು ದಾಟಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ್ದೇನೆ.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಆದೇಶ ಹೊರಟಿತು. ಆ ಕಡೆ ಶಾಂತಿಯಾಗಿದೆ, ನಿಮಗೆ ಕೊಟ್ಟ ರಕ್ಷಣೆ ಮುಗಿಯಿತು, ತಿಂಗಳೊಳಗೆ ಹೊರಡಿ.

"ವೊನಿ, ಪೆಟ್ಟಿಗೆ ಕಟ್ಟಿ," ಎಂದರು ಬಾಪ್ಪು. ಅತ್ತಿಗೆಯನ್ನು ನಮ್ಮಲ್ಲಿ ಕರೆಯುವುದೇ ಹಾಗೆ.

"ಇವಳ ಪರೀಕ್ಷೆ?"

"ಪರೀಕ್ಷೆಯಂತೆ! ಬೇಗ ಒಂದು ಗಂಡು ನೋಡಿ."

"ಸಿಗುವ ಗಂಡಿಗೂ ಪರವಾನಗಿ ಬೇಕಲ್ಲ ಲಾರೆನ್ಸ್. ಅದನ್ನು ನೀವು ಕೊಡ್ತೀರಾ?"

ಅಮ್ಮ ಯಾರಿಗೆ ರವಿಕೆ, ಫ್ರಾಕು ಹೊಲಿಯುತ್ತಿದ್ದಳೋ ಅವರಲ್ಲೊಬ್ಬರು ವಕೀಲೆ. ನಮ್ಮಂಥ ಕೆಲವು ಕುಟುಂಬಗಳ ಪರವಾಗಿ ಅವರು ಹೈಕೋರ್ಟಿಗೆ ಹೋದರು.

ವಿಚಾರಣೆಯ ದಿನ ನಾವು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಮೇಣ ತಿಕ್ಕಿದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನ್ಯಾಯಾಧೀಶರು ಕೆಂಪು ನಿಲುವಂಗಿ ತೊಟ್ಟು, ತಲೆಗೆ ಬಿಳಿ ಕೂದಲಿನ ಟೋಪನ್ ಹಾಕಿಕೊಂಡು ಬಂದರು. ಎಲ್ಲರೂ ಎದ್ದು ನಿಂತರು. ನಮ್ಮಮ್ಮ ಮಾತ್ರ ಧಡಕ್ಕನೆ ಮಂಡಿಯೂರಿ, ಹಣೆ ಎದೆ ಮುಟ್ಟಿ ಶಿಲುಬೆಯ ಗುರುತು ಹಾಕಿದಳು! ಕೆಂಪು ನಿಲುವಂಗಿ ಕಂಡರೆ ಬಿಷಪರು ಎಂದೇ ಅವಳ ಲೆಕ್ಕ. ನಾನು ಸೆರಗು ಎಳೆದೆ, ಏಳಲಿಲ್ಲ. ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಸಿಮಾಮಾ, ಮಾಮಾ, ಎದ್ದು ನಿಲ್ಲಿ," ಎಂದ ಗುಮಾಸ್ತ. ಇಲ್ಲಿಯ ಸ್ವಾಹಿಲಿಯಲ್ಲಿ ಮಾಮಾ ಅಂದರೆ ತಾಯಿ.

ನ್ಯಾಯಾಧೀಶರು ನಗಲಿಲ್ಲ. ಅಮ್ಮ ಎದ್ದು ನಿಲ್ಲುವ ತನಕ ತಾವೂ ಕೂರಲಿಲ್ಲ. "ಇಲ್ಲಿ ನೀವು ಬೇಡಿಕೊಳ್ಳಬೇಕಾಗಿಲ್ಲ, ಮಾಮಾ," ಎಂದರು ನಿಧಾನವಾಗಿ. "ನೀವು ಪ್ರಶ್ನೆ ತಂದಿದ್ದೀರಿ. ಉತ್ತರ ಕೊಡಬೇಕಾದವರು ಅವರು."

ಅವರು ಬೆರಳು ತೋರಿಸಿದ್ದು ಸರ್ಕಾರದ ವಕೀಲರ ಕಡೆಗೆ. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಪೊಲೀಸ್ ಪೇದೆ ಕಂಡರೆ ರಸ್ತೆ ದಾಟುತ್ತಿದ್ದವರು ನಾವು.

"ರಕ್ಷಣೆ ತೆಗೆಯುವ ಮೊದಲು ಇವರನ್ನು ಒಂದು ಮಾತು ಕೇಳಿದಿರಾ?"

"ಸ್ವಾಮಿ, ಅದು ಸರ್ಕಾರದ ವಿವೇಚನೆ."

"ಇರಲಿ. ಆ ಕಡೆ ಶಾಂತಿಯಾಗಿದೆ ಎಂದು ತಿಳಿದದ್ದು ಹೇಗೆ?"

ಆ ದಪ್ಪ ಸರ್ಕಾರಿ ವಕೀಲರು ಕಾಗದ ತಿರುವಿದರು, ಬೆವರು ಒರೆಸಿಕೊಂಡರು. ಕೋಣೆಯೆಲ್ಲ ಕಾಯಿತು. ಸರ್ಕಾರ ಉತ್ತರಕ್ಕೆ ತಡವರಿಸುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಮುದ್ರವನ್ನು ಮೊದಲ ಸಲ ಕಂಡಾಗಲೂ ನಾನು ಅಷ್ಟು ಬೆರಗಾಗಿರಲಿಲ್ಲ.

ತೀರ್ಪು ದೊಡ್ಡ ವರವೇನೂ ಆಗಿರಲಿಲ್ಲ. ಶಾಶ್ವತವಾಗಿ ಇರಿ ಎಂದು ಯಾರೂ ಹೇಳಲಿಲ್ಲ. ಕೇಳದೆ ಮಾಡಿದ ಆದೇಶ ನಿಲ್ಲದು. ಇವರ ಮಾತು ಕೇಳಿ, ಕಾರಣ ಕೊಟ್ಟು, ಹೊಸದಾಗಿ ತೀರ್ಮಾನಿಸಿ. ಅಲ್ಲಿಯವರೆಗೆ ಇವರನ್ನು ಕಳುಹಿಸಬೇಡಿ. ಇಷ್ಟೇ.

"ಇಷ್ಟೇನಾ?" ಎಂದರು ಬಾಪ್ಪು.

ನನಗೆ ಅಷ್ಟು ಸಾಕಿತ್ತು. ಕಚೇರಿಯವರು ಕರೆದು, ಕೇಳಿ, ಪರವಾನಗಿಗೆ ಇನ್ನೊಂದು ಅವಧಿಯ ಮೊಹರು ಒತ್ತುವಷ್ಟರಲ್ಲಿ ನಾನು ಪರೀಕ್ಷೆ ಬರೆದು ಮುಗಿಸಿದ್ದೆ.

ಇಷ್ಟು ವರ್ಷ ಇದನ್ನು ನನ್ನ ಸಾಹಸದ ಕಥೆ ಅಂತಲೇ ಹೇಳಿಕೊಂಡು ಬಂದೆ. ಇವತ್ತು ಬರೆಯುತ್ತ ಕೂತಾಗ ಗೊತ್ತಾಗುತ್ತಿದೆ, ಅಂದು ಮಂಡಿಯೂರಿದವಳಿಗಿಂತ ಹೆಚ್ಚು ಹೆದರಿದ್ದವಳು ನಾನು. ಅಮ್ಮನಿಗೆ ತಪ್ಪಾದದ್ದು ಬಿಷಪರ ವಿಷಯದಲ್ಲಿ ಮಾತ್ರ.

ಪದವಿ ಪ್ರದಾನದ ದಿನ ಹುಲ್ಲುಹಾಸಿನ ಮೇಲೆ ಬಿಸಿಲಿನಲ್ಲಿ ಅವಳು ಕಾಯುತ್ತಿದ್ದಳು. ಪ್ರಮಾಣಪತ್ರ ಅವಳ ಕೈಗಿಟ್ಟೆ. ಇಂಗ್ಲಿಷ್ ಬಾರದಿದ್ದರೂ ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ಹಿಂದೆ ತಿರುಗಿಸಿದಳು. ಮತ್ತೆ ಮುಂದೆ.

"ಯಾವತ್ತಿನ ತನಕ ಇದು?"

"ತನಕ ಅಂತೇನೂ ಇಲ್ಲಮ್ಮ."

ಅಮ್ಮ ಆಚೀಚೆ ನೋಡಿ, ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ತಾರೀಖು ಬರೆಯಲು ಮರೆತಿದ್ದಾರೆ. ಯಾರಿಗೂ ಹೇಳಬೇಡ, ನಡಿ."