ಅಪ್ಪನ ಚಾಕು, ನನ್ನ ಕನ್ನಡಿ

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಆ ದಿನಗಳಲ್ಲಿ ವರ್ಷಕ್ಕೆ ನಾಲ್ಕೈದು ಸಲ ಸೋಪಿಗೆ ವನವಾಸವಾಗುತ್ತಿತ್ತು. ಹುಳ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಕೂತು ಪೊರೆ ಕಳಚುವುದಕ್ಕೆ ನಮ್ಮ ಚನ್ನಪಟ್ಟಣದ ಕಡೆ ಜ್ವರ ಎನ್ನುತ್ತಾರೆ. ಮೂರನೇ ಜ್ವರ ಎದ್ದಿತು ಎನ್ನುತ್ತಿದ್ದಂತೆ ಅಜ್ಜಿ ಒಂದು ಗೋಣಿಚೀಲ ಹಿಡಿದು ಮನೆಯನ್ನೆಲ್ಲ ಸುತ್ತುತ್ತಿದ್ದಳು. ಮೈಸೋಪು, ಊದಿನಕಡ್ಡಿ, ಅವ್ವನ ತಲೆಗೆಣ್ಣೆ, ಅಪ್ಪನ ಬೀಡಿಕಟ್ಟು, ಅಪ್ಪನ ಶೇವಿಂಗ್ ಸೆಟ್ಟು ಎಲ್ಲವೂ ಆ ಚೀಲಕ್ಕೆ. ಚೀಲ ಕೊಟ್ಟಿಗೆಯ ಅಟ್ಟಕ್ಕೆ. ಹತ್ತಿಸುತ್ತಿದ್ದವಳು ನಾನು, ಮನೆಯಲ್ಲಿ ಹಗುರವಾಗಿದ್ದವಳು ನಾನೊಬ್ಬಳೇ. ಹುಳ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತುವವರೆಗೆ ಆ ಚೀಲ ಕೆಳಗಿಳಿಯುವಂತಿರಲಿಲ್ಲ. ಹುಳಕ್ಕೆ ವಾಸನೆ ಆಗದು, ಅಷ್ಟೇ. ಮನುಷ್ಯರು ನಾರಿದರೂ ಚಿಂತೆಯಿಲ್ಲ.

ಅಪ್ಪನಿಗೆ ಒಂದು ದಿನ ಗಡ್ಡ ಬಿಟ್ಟರೂ ಮುಖವೆಲ್ಲ ತುರಿಕೆ. "ಬರೀ ನೀರಾಕ್ಕಂಡು ರೇಜರ್‌ನಾಗೆ ಮಾಡ್ಕತೀನಿ, ಕೊಡವ್ವ" ಎಂದು ಒಂದು ಸಲ ಬೇಡಿಕೊಂಡಿದ್ದ. ಅಜ್ಜಿ ರೇಜರನ್ನು ಮೂಗಿಗೆ ಹಿಡಿದು ನೋಡಿ, "ಕಬ್ಬುಣದ ಒಳಕ್ಕೇ ಸೋಪು ಇಳುದೋಗೈತೆ ಕಣ್ಲಾ, ಬ್ಯಾಡ" ಎಂದು ಮತ್ತೆ ಚೀಲಕ್ಕೆ ಹಾಕಿಬಿಟ್ಟಳು. ಅಂದಿನಿಂದ ಅಪ್ಪ ಜೋಬಿನ ಚಾಕುವಿನಲ್ಲೇ ಗಡ್ಡ ತೆಗೆದುಕೊಳ್ಳಲು ಶುರುಮಾಡಿದ.

ಅದು ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಕೊಯ್ಯಲು ಇಟ್ಟುಕೊಂಡಿದ್ದ ಮಡಚುವ ಚಾಕು. ಹಳೆಯ ಹಿಡಿ ಒಡೆದುಹೋದಾಗ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಗೆಳೆಯನೊಬ್ಬ ಹಾಲೆಮರದ ಹಿಡಿ ಮಾಡಿ, ಕೆಂಪು ಹಳದಿ ಅರಗು ಬಳಿದುಕೊಟ್ಟಿದ್ದ. ಅಲಗು ಕೊಯ್ಯುವುದಕ್ಕೆ, ಹಿಡಿ ಆಟಕ್ಕೆ ಎನ್ನುವ ಹಾಗಿತ್ತು. ಬೆಳಗ್ಗೆ ಸೊಪ್ಪು ಕೊಯ್ದಾದ ಮೇಲೆ ಅಪ್ಪ ಪಂಪ್‌ಮನೆಯ ಮುಂದಿನ ತೊಟ್ಟಿಯ ಮೇಲೆ ಕೂರುತ್ತಿದ್ದ. ಕಲ್ಲಿಗೆ ನೀರು ಚಿಮುಕಿಸಿ ಚಾಕು ಮಸೆದು, ಚಪ್ಪಲಿಯ ಅಟ್ಟೆಗೆ ನಾಲ್ಕು ಸಲ ಆಚೆ ಈಚೆ ಒರೆಸಿ, ಮೊದಲು ಮುಂಗೈ ಕೂದಲಿನ ಮೇಲೆ ಪರೀಕ್ಷೆ ಮಾಡುತ್ತಿದ್ದ. ಆಮೇಲೆ ಕೆನ್ನೆಗೆ ನೀರು ತಟ್ಟಿಕೊಂಡು ಚರಚರ ಎಂದು ಎಳೆಯುತ್ತಿದ್ದ. ಆ ಸದ್ದು ಕೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ಕನ್ನಡಿ ಹಿಡಿಯುವ ಕೆಲಸ ನನ್ನದು. ಕೆಂಪು ಪ್ಲಾಸ್ಟಿಕ್ ಅಂಚಿನ ಪುಟ್ಟ ದುಂಡು ಕನ್ನಡಿ. ನನಗಾಗ ಹನ್ನೊಂದು ವರ್ಷ.

"ಒಸಿ ಮ್ಯಾಕೆ. ಆಂ, ಅಲ್ಲೇ ಇರು. ಉಸಿರು ಬುಡಬ್ಯಾಡ, ಮೂಗು ಕೊಯ್ದೋದಾತು!"

ನಾನು ನಿಜವಾಗಿಯೂ ಉಸಿರು ಹಿಡಿದು ನಿಲ್ಲುತ್ತಿದ್ದೆ. ಕೊನೆಗೆ ಅಪ್ಪ ಮುಖ ಮುಂದೆ ಚಾಚಿ, "ಎಲ್ಲಿ ಉಳುದೈತೆ ನೋಡವ್ವ" ಎನ್ನುತ್ತಿದ್ದ. ನಾನು ಅಂಗೈಯಲ್ಲಿ ಎರಡೂ ಕೆನ್ನೆ, ಗದ್ದದ ಕೆಳಗೆ, ಕಿವಿಯ ಬುಡದಲ್ಲಿ ಸವರಿ ಹೇಳಬೇಕು. ಸೊಪ್ಪಿನ ಹಾಲು, ಹಸಿಮಣ್ಣು, ಬೆವರು ಸೇರಿದ ವಾಸನೆ ಆ ಕೆನ್ನೆಗೆ. ನಾನು ಹೇಳಿದ ಕಡೆ ಅಪ್ಪ ಇನ್ನೊಂದು ಸಲ ಚಾಕು ಆಡಿಸುತ್ತಿದ್ದ. ಊರಿನಲ್ಲಿ ಇನ್ನಾವ ಹುಡುಗಿಗೂ ಇಲ್ಲದ ಅಧಿಕಾರ ಅದು. ಶಾಲೆಯಲ್ಲಿ ಕುಂಟೆಬಿಲ್ಲೆ ಆಡುವಾಗ ನಾನು ಅದನ್ನು ಎಷ್ಟು ಕೊಚ್ಚಿಕೊಳ್ಳುತ್ತಿದ್ದೆನೆಂದರೆ ಗೆಳತಿಯರು ನನ್ನನ್ನು ಆಟದಿಂದಲೇ ಹೊರಗಿಡುತ್ತಿದ್ದರು.

ಆ ಬೇಸಿಗೆ ರಜೆಗೆ ಮಾಗಡಿಯಿಂದ ಮಹೇಶ ಬಂದ. ಅಪ್ಪನ ತಂಗಿಯ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಅವನ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯಿತು.

ಬಾಗಿಲಲ್ಲೇ ಅಜ್ಜಿ ಅವನ ಬ್ಯಾಗು ತಪಾಸಣೆ ಮಾಡಿ ಪೌಡರ್ ಡಬ್ಬಿಯೊಂದನ್ನು ಎತ್ತಿಕೊಂಡಳು. ಅದು ಅವನು ಕಾಣದಂತೆ ನನ್ನ ಕೈಗೆ ಬಂತು, ನಾನು ಅಟ್ಟ ಹತ್ತಿ ಚೀಲಕ್ಕೆ ಸೇರಿಸಿದೆ. "ಬಾವ ಅನ್ನವ್ವ, ಬಾವ ಅಂತ ಕರಿ" ಎಂದು ಅಜ್ಜಿ ನನ್ನನ್ನು ತಿವಿದಳು. ನಾನು ಸೆಟೆದು ನಿಂತೆ.

ಮಾರನೆಯ ಬೆಳಗ್ಗೆ ತೊಟ್ಟಿಯ ಹತ್ತಿರ ನಾನು ಹೋಗುವಷ್ಟರಲ್ಲಿ ಕನ್ನಡಿ ಮಹೇಶನ ಕೈಯಲ್ಲಿತ್ತು.

"ಅವ್ನು ಹಿಡ್ಕಳ್ಳಿ ಬುಡು ಜಯ. ಗಂಡೈಕ್ಳು, ನೋಡಿ ಕಲ್ತ್ಕಳ್ಳಿ. ನೀನು ಸೊಪ್ಪು ಹೆಚ್ಚೋಗು" ಎಂದ ಅಪ್ಪ.

ನಾನು ಹೋಗಲಿಲ್ಲ. ಪಂಪ್‌ಮನೆಯ ಗೋಡೆಗೆ ಒರಗಿಕೊಂಡು ನಿಂತೆ. ಮಹೇಶನ ಕೈಯಲ್ಲಿ ಕನ್ನಡಿ ಅಲ್ಲಾಡುತ್ತಿತ್ತು, ಅಪ್ಪ ಬೈಯಲೇ ಇಲ್ಲ. ಅವನ ಮೂಗಿನ ಕೆಳಗೆ ಮಸಿ ಮುಟ್ಟಿದಂತೆ ಏನೋ ಒಂದಿಷ್ಟಿತ್ತು. ಅಪ್ಪ ಅದನ್ನು ಹೆಬ್ಬೆರಳಿನಿಂದ ಸವರಿ ನಕ್ಕ. "ಅರೆ, ಬತ್ತಾ ಐತಲ್ಲೋ! ಪೂರ್ತಿ ಬಂದ್ ದಿನ ಈ ಚಾಕು ನಿಂದೇ ಕಣ್ಲಾ."

ನನಗೆ ಅಳು ಬರಲಿಲ್ಲ, ಉರಿ ಬಂತು. ನನಗೆ ಮೀಸೆ ಬರುವುದು ಯಾವತ್ತು? ಇದು ಯಾವ ನ್ಯಾಯ? ಕಡ್ಡಿ ಹೊತ್ತವಳು ನಾನು, ಹುಳದ ತಟ್ಟೆ ತೊಳೆದವಳು ನಾನು, ಉಸಿರು ಬಿಗಿಹಿಡಿದು ಅಪ್ಪನ ಮೂಗು ಉಳಿಸಿದವಳು ನಾನು. ಮಧ್ಯಾಹ್ನ ಮುದ್ದೆ ಮಸ್ಸೊಪ್ಪು ಉಣ್ಣುವಾಗ ಅಜ್ಜಿಯ ಹತ್ತಿರ ದೂರಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಚಾಕು ಎಲ್ಲೋಯ್ತದೆ ಮೂದೇವಿ? ನಾಳೆ ಅವ್ನೇ ನಿನ್ನ ಕಟ್ಕಂಡ್ರೆ ನಿನ್ ಮನೇಲೇ ಇರ್ತದೆ." ಮಹೇಶನೂ ನಕ್ಕ. ನಾನು ಅರ್ಧ ಮುದ್ದೆ ಬಿಟ್ಟು ಎದ್ದೆ.

ಅವನು ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. ಕೆಟ್ಟವನಲ್ಲ. ಸೊಪ್ಪಿನ ಗಿಡದ ಕಪ್ಪು ಹಣ್ಣು ಆರಿಸಿ ನನಗೆ ತಂದುಕೊಡುತ್ತಿದ್ದ. ನಾನು ಅವನ ಕಣ್ಣೆದುರೇ ಅದನ್ನು ಕೋಳಿಗೆ ಹಾಕುತ್ತಿದ್ದೆ.

ಐದು ದಿನ ಸಹಿಸಿದೆ. ಆರನೆಯ ದಿನ ಅಟ್ಟ ಹತ್ತಿದೆ. ನನ್ನ ಯೋಜನೆ ಬಹಳ ಸರಳವಾಗಿತ್ತು. ಹುಳದ ಮನೆಗೆ ಯಾರೇ ಹೋಗಲಿ, ಅಜ್ಜಿ ಹೊಸ್ತಿಲಲ್ಲಿ ಕೂತು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಮಹೇಶ ಹೊರುವ ಸೊಪ್ಪಿನ ಕುಕ್ಕೆಗೆ ಅವನದೇ ಪೌಡರ್ ಉದುರಿಸಿದರೆ ಅಜ್ಜಿ ಅಲ್ಲೇ ಹಿಡಿಯುತ್ತಾಳೆ, ಬೈದು ಮಾಗಡಿ ಬಸ್ಸು ಹತ್ತಿಸುತ್ತಾಳೆ. ಕುಕ್ಕೆಯ ತಳಕ್ಕೆ ಎರಡು ಹಿಡಿ ಉದುರಿಸಿ ಅಂಗೈಯಲ್ಲಿ ಚೆನ್ನಾಗಿ ತಿಕ್ಕಿದೆ. ಡಬ್ಬಿಯನ್ನು ಮತ್ತೆ ಚೀಲದಲ್ಲಿಟ್ಟೆ.

ಆ ಹೊತ್ತಿನಲ್ಲೇ ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ರಾಗಿ ಮೆದೆಗೆ ನುಗ್ಗಿ, ಅಜ್ಜಿ ಅದರ ಹಿಂದೆ ಓಡಿದ್ದಳು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಮಹೇಶ ಕುಕ್ಕೆ ಹೊತ್ತು ನೇರವಾಗಿ ಒಳಗೆ ಹೋಗಿ ಸೊಪ್ಪನ್ನು ಮೂರು ತಟ್ಟೆಗಳಿಗೆ ಸುರಿದ. ನಾಲ್ಕನೇ ಜ್ವರ ಎದ್ದು ಹಸಿದಿದ್ದ ಬೆರಳು ದಪ್ಪದ ಹುಳಗಳು, ಸೊಪ್ಪು ಬಿದ್ದ ಕೂಡಲೇ ಮುತ್ತುವಂಥವು, ಆವತ್ತು ಮುಖ ತಿರುಗಿಸಿದವು. ತಲೆ ಎತ್ತಿಕೊಂಡು ಸುಮ್ಮನಾದವು. ಉಳಿದ ತಟ್ಟೆಗಳಲ್ಲೆಲ್ಲ ಮೇಯುವ ಸದ್ದು, ಆ ಮೂರರಲ್ಲಿ ಮಾತ್ರ ಇಲ್ಲ. ನಾನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಅಜ್ಜಿ ಬಂದು ಒಂದು ಎಲೆ ಎತ್ತಿ ಮೂಸಿದಳು. "ಅಯ್ಯೋ, ಕೆಟ್ಟೆವಲ್ಲೋ! ಯಾವನ್ಲಾ ಪೌಡರ್ ಇಕ್ಕಿದ್ದು?"

ಪೌಡರ್ ಯಾರದೆಂದು ಎಲ್ಲರಿಗೂ ಗೊತ್ತು. ಕುಕ್ಕೆ ಹೊತ್ತವನು ಯಾರೆಂದೂ ಗೊತ್ತು. ಮಹೇಶ, "ನಾನಲ್ಲ ಅಜ್ಜಿ, ಡಬ್ಬಿ ಎಲ್ಲೈತೆ ಅಂತ್ಲೇ ನಂಗೊತ್ತಿಲ್ಲ" ಎಂದ. ಹೇಳುತ್ತಾ ಹೇಳುತ್ತಾ ನನ್ನನ್ನು ನೋಡಿದ. ಆಮೇಲೆ ಬಾಯಿ ಮುಚ್ಚಿಕೊಂಡ. ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿ ಅಪ್ಪ, ಅವ್ವ, ಅಜ್ಜಿ ಸೇರಿ ಸೊಪ್ಪು ತೆಗೆದು, ಹುಳ ಬೇರೆ ತಟ್ಟೆಗೆ ಆರಿಸಿ ಹಾಕಿದರು. ಒಂದು ತಟ್ಟೆಯಷ್ಟು ಸತ್ತವು. ಉಳಿದವು ಸಂಜೆಯ ಹೊತ್ತಿಗೆ ಮತ್ತೆ ಬಾಯಿ ಹಾಕಿದವು.

"ನಾಳೆ ಬೆಳಗ್ಗೆ ಇವ್ನ ಬಸ್ ಅತ್ತಿಸ್ಬುಡು" ಎಂದಳು ಅಜ್ಜಿ.

ಮರುದಿನ ಅಪ್ಪ ತೊಟ್ಟಿಯ ಮೇಲೆ ಕೂತು ನನ್ನನ್ನು ಕರೆದ. ಗೆದ್ದೆ ಎಂದುಕೊಂಡು ಓಡಿದೆ. ಮಹೇಶ ಬ್ಯಾಗು ಹಿಡಿದು ಪಂಪ್‌ಮನೆಯ ಗೋಡೆಯ ಬಳಿ, ನಾನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದ. ನಾನು ಕನ್ನಡಿ ಹಿಡಿದೆ. ಅಪ್ಪ ಗಡ್ಡ ತೆಗೆದ. ಕೊನೆಗೆ ಮುಖ ಚಾಚಿ, "ಎಲ್ಲಿ ಉಳುದೈತೆ ನೋಡು" ಎಂದ.

ಕೆನ್ನೆಯ ಮೇಲೆ ಕೈಯಿಟ್ಟೆ. ಕಿವಿಯ ಬುಡದಿಂದ ಗದ್ದಕ್ಕೆ ಬರುವಷ್ಟರಲ್ಲಿ ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ. ಅಂಗೈಯನ್ನು ಮೂಗಿನ ಹತ್ತಿರ ಒಯ್ದ. ಸೋಪಿಲ್ಲದ ಮನೆಯಲ್ಲಿ ಬರಿಯ ನೀರಿಗೆ ಪೌಡರ್ ವಾಸನೆ ಎಲ್ಲಿ ಹೋಗುತ್ತದೆ? ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅಪ್ಪ ಕೈ ಬಿಟ್ಟ, ಚಾಕುವನ್ನು ಪಂಚೆಗೆ ಒರೆಸಿ ಮಡಚಿದ, ಎದ್ದು ಹೋಗಿ ಮಹೇಶನ ಅಂಗಿಯ ಜೋಬಿಗೆ ಹಾಕಿದ.

"ಮಾವ, ಇನ್ನೂ ಮೀಸೆ ಬಂದಿಲ್ಲ" ಎಂದ ಮಹೇಶ.

"ಬತ್ತದೆ. ಮಡಿಕ್ಕೊ."

ಇಬ್ಬರೂ ಬಸ್ಸಿಗೆ ನಡೆದರು. ನಾನು ಕನ್ನಡಿ ಹಿಡಿದುಕೊಂಡು ತೊಟ್ಟಿಯ ಬಳಿ ನಿಂತೇ ಇದ್ದೆ. ನಾನು ಮಾಡಿದ್ದನ್ನು ಅಪ್ಪ ಅಜ್ಜಿಗೆ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ, ನನ್ನ ಹತ್ತಿರವೂ ಎತ್ತಲಿಲ್ಲ. ಹುಳ ಚಂದ್ರಿಕೆ ಹತ್ತುವವರೆಗೂ ಗಡ್ಡ ಬಿಟ್ಟುಕೊಂಡು, ತುರಿಸಿಕೊಳ್ಳುತ್ತಾ ಓಡಾಡಿದ. ಮುಂದಿನ ಬೆಳೆಗಳಲ್ಲೂ ಹಾಗೆಯೇ. ಇನ್ನೊಂದು ಚಾಕು ಕೊಳ್ಳಲೇ ಇಲ್ಲ.

ಈಗ ನಾನು ರಾಮನಗರದಲ್ಲಿದ್ದೇನೆ. ಅಪ್ಪ ಹೋಗಿ ಮೂರು ವರ್ಷವಾಯಿತು. ಅಜ್ಜಿಯ ಲೆಕ್ಕಾಚಾರ ಕೈಗೂಡಲಿಲ್ಲ, ನಾವಿಬ್ಬರೂ ಬೇರೆ ಬೇರೆ ಕಡೆ ಮದುವೆಯಾದೆವು. ಕಳೆದ ತಿಂಗಳು ಮಹೇಶ ಗೃಹಪ್ರವೇಶದ ಪತ್ರಿಕೆ ಕೊಡಲು ಬಂದಿದ್ದ. ಕಾಫಿ ಕುಡಿದು, ಜೋಬಿನಿಂದ ಚಾಕು ತೆಗೆದು ಮೇಜಿನ ಮೇಲಿಟ್ಟ. ಹಳದಿ ಅರಗು ಅಲ್ಲಲ್ಲಿ ಎದ್ದಿತ್ತು, ಕೆಂಪು ಹಾಗೇ ಇತ್ತು.

"ಒಂದ್ಸಲಾನೂ ಇದ್ರಲ್ಲಿ ಗಡ್ಡ ತೆಗೆಯಕ್ಕಾಗ್ಲಿಲ್ಲ ಕಣೆ. ಮೂರು ಸಲ ಕೊಯ್ಕಂಡೆ. ನಿಂಗಿರ್ಲಿ ಅಂತ ತಂದೆ" ಎಂದ.

"ಅವತ್ತು ನಾನೇ ಅಂತ ನಿಂಗೆ ಗೊತ್ತಿತ್ತಾ?"

"ಮಾವ ನಿನ್ ಕೈ ಮೂಸಿದ್ದು ನಾನೂ ನೋಡ್ದೆ. ನೋಡಿ ಸುಮ್ನಾದ್ರು. ಬಸ್ಸಲ್ಲಿ ಮಾಗಡಿವರ್ಗೂ ಹೊಟ್ಟೆ ಉರ್ಕಂಡು ಹೋದೆ. ನಾನು ತಪ್ಪು ಮಾಡಿದ್ರೆ ಮುಚ್ಚಾಕೋಕೆ ನಂಗ್ಯಾರಿದ್ರು?"

ಚಾಕು ನೀನೇ ಇಟ್ಟುಕೋ ಎಂದು ದೊಡ್ಡ ಮನಸ್ಸು ತೋರಿಸುವ ಹೊತ್ತು ಅದು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ, ತೆಗೆದುಕೊಂಡೆ. ಬಾಗಿಲವರೆಗೆ ಹೋಗಿ, "ಹುಷಾರಾಗಿ ಹೋಗು ಬಾವ" ಎಂದೆ. ಅವನು ತಿರುಗಿ ನೋಡಿ ನಕ್ಕ.

ಕೆಂಪು ಅಂಚಿನ ಕನ್ನಡಿ ಮೊದಲಿನಿಂದಲೂ ನನ್ನ ಹತ್ತಿರವೇ ಇತ್ತು. ಈಗ ಚಾಕುವೂ ಬಂದಿದೆ, ಎರಡನ್ನೂ ಬೀರುವಿನ ಒಂದೇ ಖಾನೆಯಲ್ಲಿಟ್ಟಿದ್ದೇನೆ. ಕಿತ್ತುಕೊಳ್ಳಲು ಯಾರೂ ಬರುವುದಿಲ್ಲ. ನನ್ನ ಗಂಡ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಗಡ್ಡ ಮಾಡಿಕೊಳ್ಳುತ್ತಾರೆ. ನೊರೆ ಡಬ್ಬಿಯಿಂದಲೇ ಬರುತ್ತದೆ, ಕನ್ನಡಿ ಗೋಡೆಯಲ್ಲೇ ಇದೆ. ಘಮಘಮ ಎನ್ನುತ್ತಾ ಹೊರಗೆ ಬಂದು ಆಫೀಸಿಗೆ ಹೊರಡುತ್ತಾರೆ. ಎಲ್ಲಿ ಉಳಿದಿದೆ ನೋಡು ಎಂದು ಈ ಮನೆಯಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ.