ಪರದೆಯ ಮೇಲಿನ ತಗಡಿನ ಮನೆ

ಕುರುಗೋಡಿನ ನಮ್ಮ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಮೇಷ್ಟ್ರು, ಬೆರಳಿಗೆ ಅಂಟಿದ ಸೀಮೆಸುಣ್ಣವನ್ನು ಒರೆಸಿಕೊಳ್ಳದೆ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಗಣಿ ಧಣಿಯೊಬ್ಬರು ಕೊಡಿಸಿದ ಕಂಪ್ಯೂಟರ್ ಅದು. ಇಂಟರ್‌ನೆಟ್ ಸಿಕ್ಕ ದಿನ ಮೇಷ್ಟ್ರು ಉಪಗ್ರಹದ ನಕ್ಷೆ ತೆರೆದು, "ಓದಿ ಹೇಳಬ್ಯಾಡ್ರಿ, ನೋಡಿ ಹೇಳ್ರಿ" ಎನ್ನುತ್ತಿದ್ದರು. ಈ ಕ್ಷಣ ಆಕಾಶದಿಂದ ಕಾಣುವುದೇ ಅದು ಎಂದು ಅವರು ನಂಬಿದ್ದರು. ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನೂ ನಂಬಿದ್ದೆ.

ಒಂದು ಮಧ್ಯಾಹ್ನ ಅವರು ಬಳ್ಳಾರಿಯಾಚೆಯ ಗುಡ್ಡವೊಂದನ್ನು ತೋರಿಸುವಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಆ ಗುಡ್ಡದ ಬುಡದಲ್ಲಿದ್ದ ಅವಳ ಮನೆಯನ್ನು ಅದಿರಿನ ಲಾರಿಗಳ ರಸ್ತೆಗಾಗಿ ಕೆಡವಿದ್ದರಿಂದ ಅವಳ ಕುಟುಂಬ ನಮ್ಮೂರಿಗೆ ಬಂದಿತ್ತು.

"ಸರ, ನಮ್ಮ ತಗಡಿನ ಮನಿ ಐತ್ರಿ! ಬೇವಿನ ಗಿಡಾನೂ ಐತಿ!"

"ಕೆಡವ್ಯಾರ ಅಂತ ಹೇಳಿದ್ಯಲ್ಲಲೇ, ಸುಳ್ಳುಬುರುಕಿ," ಎಂದು ಗೆಳತಿ ಕೆಣಕಿದಳು.

"ಅಪ್ಪ ಹಂಗಂದಿದ್ದ. ನಾ ನೋಡಿಲ್ಲ. ಸರ, ನಾವು ವಾಪಸ್ ಹೋಗಬೌದಲ್ರಿ?"

ಮೇಷ್ಟ್ರು ಪರದೆಯನ್ನೂ ಅವಳನ್ನೂ ನೋಡಿದರು. ಗದ್ದಲ ಕೇಳಿ ಬಾಗಿಲಿಗೆ ಬಂದಿದ್ದ ನನ್ನನ್ನು, "ಇದು ಈಗಿಂದಲ್ಲೇನ್ರಿ ಟೀಚರ?" ಎಂದು ಕೇಳಿದರು. ಅವರು ನಕ್ಷೆಯನ್ನು ನಿಧಾನವಾಗಿ ನಮ್ಮ ಶಾಲೆಗೆ ಸರಿಸಿದರು. ಹೋದ ವರ್ಷ ಕಟ್ಟಿದ, ನಾವೆಲ್ಲ ಇದ್ದ ಆ ಕೋಣೆಯೇ ಅದರಲ್ಲಿ ಇರಲಿಲ್ಲ.

"ಹಳೇ ಫೋಟೋ ಐತವ್ವ," ಎಂದರು. "ತಪ್ಪು ನಂದು."

ಹುಡುಗಿ ಪರದೆಯ ಹತ್ತಿರಕ್ಕೆ ಬಂದಳು.

"ಹಂಗಾದ್ರ ಮತ್ತ ಅಲ್ಲಿಗೇ ಹೋಗ್ರಿ ಸರ. ಇನ್ನೊಂದು ಸಲ ನೋಡ್ತೀನಿ."

ಮೇಷ್ಟ್ರು ಕುರ್ಚಿಯಿಂದ ಎದ್ದು ಅವಳಿಗೆ ಜಾಗ ಬಿಟ್ಟರು.